ಕೊಟ್ಟೂರಿನ ಪೆಟ್ಟಿಗೆಯ ಮೊದಲ ಅಂಕಿ

ನನ್ನ ಕೆಲಸದಲ್ಲಿ ಬಡ್ತಿ ಎಂಬುದು ಇರಲಿಲ್ಲ. ಮೊದಲ ದಿನ ಯಾವ ಸ್ಟೂಲಿನ ಮೇಲೆ ಕುಳಿತೆನೋ, ಮೂವತ್ತೆಂಟು ವರ್ಷಗಳ ನಂತರ ಅದೇ ಸ್ಟೂಲಿನಿಂದ ಎದ್ದು ಮನೆಗೆ ಬಂದೆ. ನಡುವೆ ಎರಡು ಸಲ ಅದರ ಕಾಲು ಬದಲಾಯಿಸಿದ್ದೆವು, ಅಷ್ಟೇ.

ಹರಪನಹಳ್ಳಿ ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ, ಸೈಕಲ್ ಶಾಪಿಗೂ ಹಿಟ್ಟಿನ ಗಿರಣಿಗೂ ನಡುವೆ ಇದ್ದ ರೇಡಿಯೊ-ಟೀವಿ ರಿಪೇರಿ ಅಂಗಡಿ ಅದು. ಮೊದಲು ಖಾದರ್ ಉಸ್ತಾದರದು, ಅವರು ಹೋದ ಮೇಲೆ ನನ್ನದು. ನನ್ನ ಹೆಸರು ಮಂಜುಳಾ. ಆದರೆ ಹಾಗೆಂದು ಕೇಳಿದರೆ ನಮ್ಮ ಓಣಿಯವರೂ ಮನೆ ತೋರಿಸುವುದಿಲ್ಲ. ‘ಟೀವಿ ಅಕ್ಕ’ ಎಂದರೆ ಹಡಗಲಿಯವರೂ ತೋರಿಸುತ್ತಾರೆ.

ಹೋದ ವರ್ಷ ಒಂದು ಐಟಿಐನವರು ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕರೆದುಕೊಂಡು ಹೋದರು. ನಾನು ಕಲಿಯುವಾಗ ಎಲೆಕ್ಟ್ರಾನಿಕ್ಸ್ ತರಗತಿಯಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ಈಗ ಹನ್ನೊಂದು ಜನ ಕುಳಿತಿದ್ದರು. ಅವರಲ್ಲೊಬ್ಬಳು ಎದ್ದು, “ಮೇಡಂ, ಈ ಕೆಲಸಕ್ಕ ಮುಖ್ಯ ಏನ್ ಬೇಕ್ರಿ?” ಎಂದು ಕೇಳಿದಳು. “ತಾಳ್ಮೆ” ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೇ ನಾಚಿಕೆಯಾಯಿತು. ತಾಳ್ಮೆ ಬೇಕು ಎಂದು ಯಾರು ಬೇಕಾದರೂ ಹೇಳುತ್ತಾರೆ. ಅದಕ್ಕೆ ನನ್ನನ್ನು ಕರೆಸಬೇಕಿತ್ತೇ? ಆ ಹುಡುಗಿಗೆ ಸರಿಯಾದ ಉತ್ತರ ಕೊಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಉಸ್ತಾದರು ನನ್ನನ್ನು ಸೇರಿಸಿಕೊಂಡಾಗ ಮೊದಲ ಒಂದು ತಿಂಗಳು ಸೆಟ್ಟುಗಳ ಹಿಂದಿನ ಮುಚ್ಚಳ ಬಿಚ್ಚುವುದು, ಧೂಳು ಹೊಡೆಯುವುದು, ಮತ್ತೆ ಮುಚ್ಚುವುದು ಇಷ್ಟೇ ಕೆಲಸ. ಸ್ಕ್ರೂ ಉಳಿದರೆ ಬೈಗುಳ. ಒಂದು ದಿನ ಅವರು ನಮಾಜಿಗೆ ಹೋದಾಗ, ನನಗೂ ಏನೋ ಗೊತ್ತಿದೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಒಂದು ಟೀವಿಯ ಒಳಗೆ ಸ್ಕ್ರೂಡ್ರೈವರ್ ಇಟ್ಟೆ. ಸ್ವಿಚ್ ಆಫ್ ಮಾಡಿದ್ದೆ, ಪ್ಲಗ್ಗು ಕಿತ್ತಿದ್ದೆ. ಆದರೂ ಫಟ್ ಎಂದು ಹೊಡೆದ ಹೊಡೆತಕ್ಕೆ ಸ್ಟೂಲು ಸಮೇತ ಗಿರಣಿಯ ಗೋಡೆಗೆ ಹೋಗಿ ಬಿದ್ದೆ. ಸ್ಟೂಲಿನ ಮೊದಲ ಕಾಲು ಮುರಿದದ್ದು ಅವತ್ತೇ.

ಉಸ್ತಾದರು ಬಂದು ನನ್ನ ಅಂಗೈ ನೋಡಿದರು, ಸ್ಟೂಲು ನೋಡಿದರು, ಬೈಯಲಿಲ್ಲ.

“ಬೇಟಿ, ಕರೆಂಟ್ ತಗದ ಮ್ಯಾಲೂ ಪೆಟ್ಟಿಗಿ ಒಳಗ ಜೀವ ಇರ್ತೈತಿ. ಅದರ ಸಿಟ್ಟು ಇಳಿಯಾಕ ಟೈಮ್ ಕೊಡಬೇಕು. ಒಂದ್ ಚಾ ಕುಡಿ, ಆಮ್ಯಾಲ ಕೈ ಹಾಕು. ಅದೂ ಒಂದೇ ಕೈ.”

ಎರಡೂ ಕೈ ಒಳಗಿದ್ದರೆ ಕರೆಂಟು ಒಂದು ಕೈಯಿಂದ ಹೊಕ್ಕು ಎದೆ ದಾಟಿ ಇನ್ನೊಂದು ಕೈಯಿಂದ ಹೊರಗೆ ಹೋಗುತ್ತದೆ ಎಂದು ವಿವರಿಸಿದರು. ಗಂಡಸರು ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಸೀರೆಗೆ ಜೇಬು ಎಲ್ಲಿ? ನಾನು ಸೆರಗನ್ನು ಬಿಗಿಯಾಗಿ ಸುತ್ತಿ ಎಡಗೈಯನ್ನು ಬೆನ್ನ ಹಿಂದೆ ಅದರೊಳಗೆ ಸಿಕ್ಕಿಸುವುದನ್ನು ರೂಢಿ ಮಾಡಿಕೊಂಡೆ. “ಅಕ್ಕಗ ಬೆನ್ನು ತುರಸತೈತೇನೋ” ಎಂದು ಗಿರಾಕಿಗಳು ನಗುತ್ತಿದ್ದರು. ನಗಲಿ. ಇವತ್ತಿಗೂ ನನ್ನ ಎದೆ ಬಡಿಯುತ್ತಿದೆ.

ನನ್ನ ಕೈಗೆ ಸೆಟ್ಟು ಕೊಡಲು ಹೆದರುವವರೂ ಇದ್ದರು. ಹೊಳಲಿನಿಂದ ಒಬ್ಬ ಹಿರಿಯರು ಟೀವಿಯನ್ನು ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದರು. ನನ್ನನ್ನು ನೋಡಿ, “ಉಸ್ತಾದ್ರು ಬರಲಿ ಬಿಡವ್ವಾ, ನಾ ಕುಂತಿರ್ತೀನಿ” ಎಂದರು. ಮೂರು ತಾಸು ಕುಳಿತರು. ಉಸ್ತಾದರು ಬಂದವರೇ ಕೌದಿ ಬಿಚ್ಚಿ, ಸೆಟ್ಟನ್ನು ಎತ್ತಿ ನನ್ನ ಮುಂದಿಟ್ಟು, ತಾವು ಗಿರಣಿಯವನ ಜೊತೆ ಮಾತಿಗೆ ಹೋದರು. ಒಳಗೆ ಒಂದು ಹಲ್ಲಿ ಎರಡು ತಂತಿಗಳ ನಡುವೆ ಸತ್ತು ಒಣಗಿತ್ತು. ಹತ್ತು ನಿಮಿಷದ ಕೆಲಸ. ಆ ಹಿರಿಯರು ಬದುಕಿರುವವರೆಗೂ ಹರಪನಹಳ್ಳಿಗೆ ಬಂದಾಗಲೆಲ್ಲ ಅಂಗಡಿಯ ಬಾಗಿಲಲ್ಲಿ ನಿಂತು, “ಹಲ್ಲಿ ಡಾಕ್ಟರ್ ಅದಾರೇನು?” ಎಂದು ಕೂಗುತ್ತಿದ್ದರು.

ಆಮೇಲೆ ಊರಿಗೆ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದವು. ಮೆಕ್ಕೆಜೋಳದ ಸುಗ್ಗಿಯಲ್ಲಿ ಅವು ಕೆಟ್ಟರೆ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ನಾನು ಮಾಡಿದ ದೊಡ್ಡ ತಪ್ಪುಗಳಲ್ಲಿ ಒಂದು ಅಲ್ಲೇ ನಡೆಯಿತು.

ತೆಲಿಗಿಯ ರೈತ ದುರುಗಪ್ಪ ಎಂಬವರು ಒಬ್ಬ ವ್ಯಾಪಾರಿಯ ಅಂಗಡಿ ಮುಂದೆ ಚೀಲದ ಮೇಲೆ ಕುಳಿತುಬಿಟ್ಟಿದ್ದರು. ಚೀಲ ಇಳಿಸಲೂ ಬಿಡರು, ಎತ್ತಲೂ ಬಿಡರು.

“ನಮ್ಮನ್ಯಾಗ ಕಲ್ಲಿಟ್ಟು ತೂಗೀನಿ, ಐವತ್ತೆಂಟು ಐತಿ. ಇಲ್ಲಿ ಐವತ್ತು ಅಂತೈತಿ. ಎಂಟು ಕೇಜಿ ಏನು ತೆಲಿಗಿ ಬಸ್‌ಸ್ಟ್ಯಾಂಡಿನ್ಯಾಗ ಇಳಕೊಂತೇನು?”

ವ್ಯಾಪಾರಿಯೂ ಮೋಸಗಾರನಲ್ಲ. “ಅಕ್ಕಾರ, ನೀವೇ ನೋಡಿ ಹೇಳ್ರಿ” ಎಂದು ತಕ್ಕಡಿಯನ್ನು ನನಗೆ ಒಪ್ಪಿಸಿದ. ನಾನು ತಟ್ಟೆಯ ಕೆಳಗಿನ ಭಾಗವೆಲ್ಲ ಬಿಚ್ಚಿ, ತೂಕ ಹೊಂದಿಸುವ ತಿರುಪುಗಳನ್ನು ಮಧ್ಯಾಹ್ನದವರೆಗೆ ತಿರುವಿದೆ. ಸರಿಯಾಗಿದ್ದ ತಕ್ಕಡಿಯೂ ಕೆಟ್ಟಿತು. ಕೊನೆಗೆ ಉಸ್ತಾದರು ಬಂದರು. ಏನನ್ನೂ ಬಿಚ್ಚಲಿಲ್ಲ. ಒಂದೊಂದು ಕೇಜಿಯ ಕಲ್ಲುಗಳನ್ನು ತರಿಸಿ ಒಂದರ ಮೇಲೊಂದು ಇಡುತ್ತ ಹೋದರು. ಏಳರವರೆಗೆ ಎಣಿಸಿ ಎಂಟನೆಯದನ್ನು ಇಟ್ಟಾಗ ಡಿಸ್‌ಪ್ಲೇಯಲ್ಲಿ ಸೊನ್ನೆಯಂಥದ್ದು ಬಂತು.

“ಎಂಟು ಎಲ್ಲಿ ಹೋತು ಬೇಟಿ?”

ಅಂಕಿ ಎಂದರೆ ಏಳು ಚಿಕ್ಕ ಗೆರೆಗಳು. ಏಳೂ ಹೊತ್ತಿದರೆ ಎಂಟು. ನಡುವಿನ ಗೆರೆಯೊಂದು ಸತ್ತರೆ ಆ ಎಂಟು ಸೊನ್ನೆಯಾಗಿ ಕಾಣುತ್ತದೆ. ಕೊನೆಯ ಅಂಕಿಯ ನಡುಗೆರೆ ಸತ್ತಿತ್ತು, ಅಷ್ಟೇ. ಎರಡು, ಮೂರು, ನಾಲ್ಕು ಎಲ್ಲವೂ ಸೊಟ್ಟಗೆ ಕಾಣುತ್ತಿದ್ದವು. ಅವನ್ನು ಜನ ಅಂದಾಜಿನಲ್ಲಿ ಓದಿಕೊಳ್ಳುತ್ತಿದ್ದರು. ಸೊನ್ನೆ ಮಾತ್ರ ದುಂಡಗೆ ಇತ್ತು. ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮುರಿದಂತೆ ಕಾಣುವ ಅಂಕಿಯಿಂದ ಯಾರೂ ಮೋಸ ಹೋಗುವುದಿಲ್ಲ. ಸರಿಯಾಗಿದೆ ಎಂದು ಕಾಣುವ ತಪ್ಪು ಅಂಕಿಗೆ ಹೆದರಬೇಕು. ತಕ್ಕಡಿ ಒಳಗೆ ಸತ್ಯವನ್ನೇ ಲೆಕ್ಕ ಹಾಕಿತ್ತು. ಸುಳ್ಳು ಹೇಳಿದ್ದು ಮುಂದಿನ ಗಾಜು.

ವ್ಯಾಪಾರಿ ಆ ಬೆಳಿಗ್ಗೆಯ ಚೀಲಗಳನ್ನೆಲ್ಲ ಬೇರೆ ತಕ್ಕಡಿಯಲ್ಲಿ ಮತ್ತೆ ತೂಗಿಸಿದ. ದುರುಗಪ್ಪ ಎದ್ದು ಧೋತರ ಕೊಡವಿಕೊಂಡು, “ನಮ್ಮ ಎಂಟು ಕೇಜಿ ಮುಂದಿನ ಬಸ್ಸಿಗೆ ಬಂತು” ಎಂದು ನಗಿಸಿ ಹೋದರು. ನಾನು ಮಾತ್ರ ಸಂಜೆಯವರೆಗೂ ಕುಳಿತು, ನಾನೇ ತಿರುವಿದ ತಿರುಪುಗಳನ್ನು ಮೊದಲಿನ ಜಾಗಕ್ಕೆ ತಂದೆ.

ಕಾಲ ಬದಲಾಯಿತು. ಒಂದೊಂದೇ ಬಿಡಿಭಾಗ ಹುಡುಕಿ ಹಾಕುತ್ತಿದ್ದ ನಾವು ಇಡೀ ಬೋರ್ಡನ್ನೇ ಕಿತ್ತು ಹೊಸದು ಹಾಕತೊಡಗಿದೆವು. ಡಬ್ಬಿಯಂಥ ಟೀವಿಗಳು ಹೋಗಿ ಗೋಡೆಗೆ ನೇತುಹಾಕುವ ತೆಳ್ಳನೆಯವು ಬಂದವು. ಮೊಬೈಲು ಬಂದದ್ದು ನನಗೆ ಉಪಕಾರವೇ ಆಯಿತು. ಬಿಚ್ಚುವ ಮೊದಲು ಫೋಟೊ ತೆಗೆದುಕೊಂಡರೆ ಯಾವ ವೈರು ಎಲ್ಲಿತ್ತು ಎಂದು ತಲೆ ಕೆರೆದುಕೊಳ್ಳಬೇಕಿಲ್ಲ. ನಿಧಾನಗತಿಯ ವೀಡಿಯೊ ಇನ್ನೂ ದೊಡ್ಡ ಉಪಕಾರ. ಕಣ್ಣಿಗೆ ಕಾಣದ ಮಿಣುಕು ಅದರಲ್ಲಿ ಕಾಣುತ್ತದೆ. ಉಸ್ತಾದರು ಅದನ್ನು ನೋಡದೆ ಹೋದರಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇಷ್ಟೆಲ್ಲ ಕಲಿತ ಮೇಲೆ, ಅಂಗಡಿ ಮುಚ್ಚಿ ಎರಡು ವರ್ಷವಾದ ಮೇಲೆ, ನನ್ನ ಜೀವನದ ಅತಿ ದೊಡ್ಡ ತಪ್ಪನ್ನು ಮಾಡಿದೆ. ಅದು ಕೊಟ್ಟೂರಿನಲ್ಲಿ.

ಫೋನ್ ಮಾಡಿದವರು ಕೊಟ್ರೇಶಪ್ಪ. ಮೊದಲು ಲಾರಿ ಓಡಿಸುತ್ತಿದ್ದರು, ಈಗ ಗಂಡ-ಹೆಂಡತಿ ಇಬ್ಬರೂ ಮಂಡಕ್ಕಿ-ಮಿರ್ಚಿಯ ಹೋಟೆಲು ನಡೆಸುತ್ತಾರೆ. “ಅಕ್ಕಾರ, ನಮ್ಮ ಹೋಟೆಲಿನ್ಯಾಗ ಒಂದು ಗುಂಡಿನ ಆಟದ ಪೆಟ್ಟಿಗಿ ಐತ್ರಿ. ಅಂಕಿ ಸರಿ ಬರವಲ್ವು. ನಮ್ಮಾಕಿ ನಿಮಗ ಫೋನ್ ಮಾಡು ಅಂತ ಕುಂತಾಳ. ಆದ್ರ ಇವತ್ತೇ ಬರಬೇಕಂತೇನಿಲ್ರಿ. ಯಾವಾಗರ ಬರ್ರಿ.”

ರಿಪೇರಿಗೆ ಕರೆಯುವವರು ಹೀಗೆ ಹೇಳುವುದಿಲ್ಲ. ನನಗೆ ಕುತೂಹಲವಾಗಿ ಮರುದಿನವೇ ಬಸ್ಸು ಹತ್ತಿದೆ.

ಹೋಟೆಲಿನ ಮೂಲೆಯಲ್ಲಿ ನಿಂತಿದ್ದದ್ದು ಹಳೆಯ ಪಿನ್‌ಬಾಲ್ ಯಂತ್ರ. ಸೊಂಟದಷ್ಟು ಎತ್ತರದ ಇಳಿಜಾರು ಮೇಜು, ಅದರ ಮೇಲೆ ಗಾಜು. ಒಳಗೆ ಬೆಟ್ಟದ ನೆಲ್ಲಿಕಾಯಿ ಗಾತ್ರದ ಉಕ್ಕಿನ ಗುಂಡು. ಎರಡೂ ಪಕ್ಕದ ಬಟನ್ ಒತ್ತಿದರೆ ಕೆಳಗಿನ ಎರಡು ರೆಕ್ಕೆಗಳು ಗುಂಡನ್ನು ಮೇಲಕ್ಕೆ ಹೊಡೆಯುತ್ತವೆ. ಗುಂಡು ಕಂಬಕ್ಕೆ, ಗಂಟೆಗೆ, ಗುರಿಗಳಿಗೆ ತಾಗಿದಷ್ಟೂ ಅಂಕ. ರೆಕ್ಕೆಗಳ ನಡುವೆ ಕೆಳಗೆ ಜಾರಿದರೆ ಹೋಯಿತು. ಮೇಜಿನ ತಲೆಯ ಕಡೆ ನಿಂತ ಪೆಟ್ಟಿಗೆಯಲ್ಲಿ ನಾಲ್ಕು ಕಿಟಕಿಗಳು, ನಾಲ್ವರು ಆಟಗಾರರಿಗೆ. ಒಂದೊಂದರಲ್ಲಿ ಆರು ಅಂಕಿ, ಒಲೆಯ ಕೆಂಡದಂತೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವಂಥವು. ಗಣಿಯವರ ಒಂದು ಅತಿಥಿಗೃಹ ಮುಚ್ಚಿದಾಗ ಸಾಮಾನು ಸಾಗಿಸಲು ಹೋಗಿದ್ದ ಕೊಟ್ರೇಶಪ್ಪ, ಯಾರಿಗೂ ಬೇಡವಾದ ಇದನ್ನು ತಮ್ಮ ಲಾರಿಗೇ ಹಾಕಿಕೊಂಡು ಬಂದಿದ್ದರು.

ಯಾರೂ ಆಡದೆ ಇದ್ದಾಗ ಯಂತ್ರ ತನ್ನಲ್ಲಿ ಈವರೆಗೆ ಬಂದ ಅತಿ ಹೆಚ್ಚಿನ ಅಂಕವನ್ನು ನಾಲ್ಕೂ ಕಿಟಕಿಗಳಲ್ಲಿ ಮಿನುಗಿಸುತ್ತದೆ. ಆಗ ಮಿನುಗುತ್ತಿದ್ದದ್ದು 43210. ಅದರ ಎಡಕ್ಕೆ ಮೊದಲ ಅಂಕಿಯ ಜಾಗ ನಾಲ್ಕರಲ್ಲೂ ಕತ್ತಲೆ.

ಮೊಬೈಲಿನಲ್ಲಿ ನಿಧಾನಗತಿಯ ವೀಡಿಯೊ ತೆಗೆದೆ. ಈ ಅಂಕಿಗಳು ಒಟ್ಟಿಗೆ ಹೊತ್ತುವುದಿಲ್ಲ. ಪಂಕ್ತಿಯಲ್ಲಿ ಬಡಿಸುವವನು ಒಂದೊಂದೇ ಎಲೆಗೆ ಬಡಿಸುತ್ತ ಹೋದಂತೆ, ಸರದಿಯಲ್ಲಿ ಒಂದೊಂದೇ ಹೊತ್ತಿ ಆರುತ್ತವೆ. ವೇಗ ಹೆಚ್ಚಿರುವುದರಿಂದ ನಮಗೆ ಎಲ್ಲ ಒಟ್ಟಿಗೆ ಕಾಣುತ್ತವೆ. ವೀಡಿಯೊದಲ್ಲಿ ಎರಡನೆಯದರಿಂದ ಆರನೆಯದರವರೆಗೆ ಸರಿಯಾಗಿ ಹೊತ್ತುತ್ತಿದ್ದವು. ಮೊದಲನೆಯದರ ಸರದಿ ಬಂದಾಗ ನಾಲ್ಕೂ ಕಿಟಕಿ ಖಾಲಿ. ಒಂದೇ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಉಳಿದರೆ ತಪ್ಪು ಆ ಎಲೆಯದಿರಬಹುದು. ನಾಲ್ಕು ಪಂಕ್ತಿಯಲ್ಲೂ ಮೊದಲ ಎಲೆಯೇ ಖಾಲಿ ಉಳಿದರೆ ತಪ್ಪು ಬಡಿಸುವವನದು. ಹಾಗಾಗಿ ಗಾಜುಗಳನ್ನು ಮುಟ್ಟುವುದೇ ಬೇಡ, ಮುಖ್ಯ ಬೋರ್ಡನ್ನು ನೋಡಬೇಕು ಎಂದು ಖಾತ್ರಿಯಾಯಿತು. ನನಗೆ ಒಳಗೊಳಗೇ ಹೆಮ್ಮೆ. ಹತ್ತು ನಿಮಿಷದಲ್ಲಿ ಅರ್ಧ ಕೆಲಸ ಮುಗಿಸಿದ್ದೆ.

“ಆಗತೈತೇನ್ರಿ?” ಎಂದರು ಕೊಟ್ರೇಶಪ್ಪ. ಆಗುತ್ತದೆ ಎಂದೆ. ಅವರ ಮುಖದಲ್ಲಿ ಅಂಥ ಸಂತೋಷವೇನೂ ಕಾಣಲಿಲ್ಲ.

ಸ್ವಿಚ್ ಆಫ್ ಮಾಡಿ, ಪ್ಲಗ್ಗು ಕಿತ್ತು, ಒಂದು ಚಹಾ ಕುಡಿದೆ. ಆ ಅಂಕಿಗಾಜುಗಳಿಗೆ ನೂರೆಪ್ಪತ್ತು-ನೂರೆಂಬತ್ತು ವೋಲ್ಟ್ ಬೇಕು. ಉಸ್ತಾದರ ಚಹಾದ ನಿಯಮ ಅಲ್ಲಿ ಕಡ್ಡಾಯ. ಎಡಗೈಯನ್ನು ಸೆರಗಿಗೆ ಸಿಕ್ಕಿಸಿ, ಹಿಂದಿನ ಪೆಟ್ಟಿಗೆ ತೆರೆದು, ಮೀಟರ್ ಇಟ್ಟು ನೋಡಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಬೋರ್ಡಿನ ಪಕ್ಕ ಕಟ್ಟಿದ್ದ ಮೂರು ಪೆನ್ಸಿಲ್ ಸೆಲ್ಲು. ಒಂದು ಸೋರಿ ಬಿಳಿ ಹೂವು ಬಿಟ್ಟಿತ್ತು. ಆ ಸೋರಿಕೆ ಬೋರ್ಡಿಗೆ ತಾಗಿದರೆ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ಸೋರಿದ ಸೆಲ್ಲು ಕಂಡರೆ ಮೊದಲು ಕಿತ್ತೆಸೆ ಎಂದು ನಾನೇ ಎಷ್ಟೋ ಜನಕ್ಕೆ ಕಲಿಸಿದ್ದೆ. ಯೋಚನೆಯನ್ನೇ ಮಾಡದೆ ಮೂರನ್ನೂ ಕಿತ್ತೆ. ಹೋಟೆಲಿನಲ್ಲಿ ನಿಂಬೆಹಣ್ಣಿಗೆ ಬರವೇ? ಅರ್ಧ ಹೋಳು ಹಿಂಡಿ, ಬಟ್ಟೆಯಲ್ಲಿ ಅದ್ದಿ ಬಿಳಿ ಕಲೆಯನ್ನೆಲ್ಲ ತೆಗೆದೆ. ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿದೆ.

ನಂತರ ಭೂತಗನ್ನಡಿ ಹಿಡಿದು, ಡಿಸ್‌ಪ್ಲೇಗಳಿಗೆ ವೈರು ಹೋಗುವ ಕನೆಕ್ಟರಿನ ಪಿನ್ನುಗಳನ್ನು ಒಂದೊಂದಾಗಿ ನೋಡಿದೆ. ಒಂದು ಪಿನ್ನಿನ ಬುಡದಲ್ಲಿ ಬೆಸುಗೆಯ ಸುತ್ತ ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಉಂಗುರ. ಬೆಸುಗೆ ಬಿರುಕು ಬಿಟ್ಟಿತ್ತು. ಗುಂಡು ಬಡಿದು ಬಡಿದು ಯಂತ್ರ ನಡುಗಿದ್ದಕ್ಕೆ ಇರಬೇಕು. ಐರನ್ ಕಾಯಿಸಿ, ಹಳೆಯ ಬೆಸುಗೆ ತೆಗೆದು, ಹೊಸದು ಹಾಕಿದೆ. ಸೆಲ್ಲುಗಳನ್ನೂ ಹೊಸದಾಗಿ ಹಾಕಿ ಪ್ಲಗ್ಗು ಚುಚ್ಚಿದೆ.

ನಾಲ್ಕೂ ಕಿಟಕಿಗಳಲ್ಲಿ ಆರಾರು ಅಂಕಿ ನಿಗಿನಿಗಿ ಹೊತ್ತಿದವು. ಎಲ್ಲ ಸೊನ್ನೆ.

“ಬಂತು ನೋಡ್ರಿ!” ಎಂದು ಕೂಗಿದೆ. ಒಳಗಿನಿಂದ ಕೊಟ್ರೇಶಪ್ಪನವರ ಹೆಂಡತಿ ಹಂಪಮ್ಮ ಕಡ್ಲಿಹಿಟ್ಟಿನ ಕೈಯಲ್ಲೇ ಓಡಿ ಬಂದರು. ಅರವತ್ತರ ಆಸುಪಾಸಿನ ಹೆಂಗಸು, ಹಣೆಯ ತುಂಬ ವಿಭೂತಿ. ಕಿಟಕಿಗಳನ್ನು ನೋಡಿದರು. ಮತ್ತೆ ನೋಡಿದರು.

“ಅಕ್ಕಾ, ನನ್ನ ಅಂಕಿ ಎಲ್ಲೈತಿ?”

“ಯಾವ ಅಂಕಿ?”

ಹಂಪಮ್ಮ ಬೆಂಚಿನ ಮೇಲೆ ಕುಳಿತರು. ಆಗ ಹೊರಬಂತು ಕಥೆ. ಹೋಟೆಲಿನ ತಿಂಡಿಗಳ ಹೆಸರು ಬರೆಯುವ ಕರಿಹಲಗೆಯ ತುದಿಯಲ್ಲಿ ಒಂದು ಅಂಕಿ ಇತ್ತು: 612340. ಅದು ಕೊಟ್ರೇಶಪ್ಪನವರ ದಾಖಲೆ, ಮೊದಲ ಅಂಕಿ ಇನ್ನೂ ಹೊತ್ತುತ್ತಿದ್ದಾಗ ಹೊಡೆದದ್ದು. ದಿನಾ ಬೆಳಿಗ್ಗೆ ತಿಂಡಿ ಬರೆಯುವಾಗ ಅದನ್ನೂ ತಿದ್ದಿ ಬರೆಯುತ್ತಿದ್ದರು. ಮಧ್ಯಾಹ್ನ ಹೋಟೆಲು ಮುಚ್ಚಿದ ಮೇಲೆ, ಗಂಡ ಒಳಗೆ ಮಲಗಿದಾಗ, ಹಂಪಮ್ಮ ಒಬ್ಬರೇ ಆಡುತ್ತಿದ್ದರು. ವರ್ಷದ ಹಿಂದೆ ಒಂದು ಮಧ್ಯಾಹ್ನ ಗುಂಡು ಅವರ ಮಾತು ಕೇಳಿತು. ಎಷ್ಟು ಹೊತ್ತು ಆಡಿದರೋ ಅವರಿಗೇ ಗೊತ್ತಿಲ್ಲ. ಆಟ ಮುಗಿದಾಗ ಕಿಟಕಿಯಲ್ಲಿ ಕಂಡದ್ದು 43210. ಅಷ್ಟರಲ್ಲಾಗಲೇ ಮೊದಲ ಅಂಕಿ ಕೆಟ್ಟಿತ್ತು.

“ಲಕ್ಷದ ಅಂಕಿ ಐತಿ, ಕಾಣವಲ್ದು ಅಂದ್ನಿ. ಯಾರು ಕೇಳ್ತಾರ? ಒಂದು ವರ್ಷ ಆತು, ಮಿರ್ಚಿ ತಿನ್ನಾಕ ಬಂದವರೆಲ್ಲ ‘ನಲವತ್ಮೂರು ಸಾವಿರದ ಹಂಪಮ್ಮ’ ಅಂತಾರ. ಈ ಮನುಷಾನೇ ಹೆಸರಿಟ್ಟಾನ. ರಿಪೇರಿ ಮಾಡಸು, ಮೊದಲ ಅಂಕಿ ಹೊತ್ತಲಿ, ಆಗ ಎಲ್ಲರಿಗೂ ತೋರಸ್ತೀನಿ ಅಂತ ಬೆನ್ನ ಹತ್ತಿದ್ನಿ. ಎಲ್ಲೈತಿ ಅಕ್ಕಾ ಅದು?”

ಕಿತ್ತ ಆ ಮೂರು ಹಳೆಯ ಸೆಲ್ಲುಗಳು ನನ್ನ ಮುಂದೆ ಇನ್ನೂ ಬಿದ್ದಿದ್ದವು. ಯಂತ್ರ ಆಫ್ ಆಗಿರುವಾಗ ನೆನಪನ್ನು ಕಾಯುವುದು ಆ ಸೆಲ್ಲುಗಳೇ. ಅವನ್ನು ಕಿತ್ತ ಕ್ಷಣಕ್ಕೆ ಅಂಕಿ ಅಳಿಸಿಹೋಗಿತ್ತು. ಮೊದಲು ಬಿರುಕಿಗೆ ಬೆಸುಗೆ ಹಾಕಿ, ಒಮ್ಮೆ ಆನ್ ಮಾಡಿ, ಕಂಡದ್ದನ್ನು ಬರೆದುಕೊಂಡು, ಆಮೇಲೆ ಸೆಲ್ಲು ತೆಗೆದಿದ್ದರೆ ಎಲ್ಲ ಉಳಿಯುತ್ತಿತ್ತು. ಸೋರಿದ ಸೆಲ್ಲು ಇನ್ನೊಂದು ತಾಸು ಅಲ್ಲೇ ಇದ್ದಿದ್ದರೆ ಬೋರ್ಡಿಗೆ ಏನೂ ಆಗುತ್ತಿರಲಿಲ್ಲ.

ಬಾಯಿಗೆ ಬಂದ ಮೊದಲ ಮಾತನ್ನು ನಿಮಗೆ ಹೇಳಿಬಿಡುತ್ತೇನೆ: ‘ಸೆಲ್ಲು ಮೊದಲೇ ಸತ್ತಿದ್ವು, ನಾನೇನೂ ಮಾಡುವ ಹಾಗಿರಲಿಲ್ಲ.’ ಸೋರಿದ ಸೆಲ್ಲು ಎದುರಿಗೇ ಇತ್ತು, ತೋರಿಸಿದರೆ ಯಾರು ಬೇಕಾದರೂ ನಂಬುತ್ತಿದ್ದರು. ಮೂವತ್ತೆಂಟು ವರ್ಷದ ಹೆಸರು ಉಳಿಯುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಹಂಪಮ್ಮ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. ವರ್ಷವಿಡೀ ಯಾರೂ ನಂಬದ ಹೆಂಗಸಿಗೆ ನಾನೂ ಒಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

“ಹಂಪಮ್ಮಾರ, ನಿಮ್ಮ ಅಂಕಿ ಒಳಗ ಇತ್ತು. ನಾನ ಅಳಿಸಿಬಿಟ್ಟೆ. ಸೆಲ್ಲು ಕೀಳಬಾರದಿತ್ತು, ಕಿತ್ತೆ. ತಪ್ಪು ನಂದು.”

ಅವರು ಎದ್ದು ಒಳಗೆ ಹೋದರು. ನೀರು ಬಿಟ್ಟು ಕೈ ತೊಳೆದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ಅದಕ್ಕಿಂತ ಎರಡು ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ಬಂದಾಗ ನನ್ನ ಮುಂದೆ ಇನ್ನೊಂದು ಚಹಾ ಇಟ್ಟರು. ಅದನ್ನು ಕುಡಿಯುವುದು ಹೇಗೆ?

ಚಹಾ ನೋಡುತ್ತ ಕುಳಿತಾಗ ತಲೆಗೆ ಹೊಳೆಯಿತು. ಯಂತ್ರ ಹಳೆಯ ದಾಖಲೆಯನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಅದಕ್ಕಿಂತ ಹೆಚ್ಚಿನ ಅಂಕ ಬಂದರೆ ಮಾತ್ರ ಬದಲಾಯಿಸುತ್ತದೆ. ಮೊದಲ ಅಂಕಿ ಕಾಣದೆ ಇದ್ದಾಗ ಕೊಟ್ರೇಶಪ್ಪನವರ ದಾಖಲೆ 12340 ಎಂದು ಮಿನುಗುತ್ತಿದ್ದಿರಬೇಕು. ಅದು ಹೋಗಿ 43210 ಬಂದಿದೆ ಎಂದರೆ ಹಂಪಮ್ಮ ಗಂಡನನ್ನು ದಾಟಿದ್ದಾರೆ ಎಂದೇ ಅರ್ಥ. ಒಂದೇ ಒಂದು ಅನುಮಾನ: ಅದಕ್ಕೆ ಮೊದಲೇ ಯಾವುದೋ ಕಾರಣಕ್ಕೆ ನೆನಪು ಅಳಿಸಿಹೋಗಿದ್ದರೆ ಬರೀ ನಲವತ್ಮೂರು ಸಾವಿರವೂ ದಾಖಲೆಯೇ ಆಗುತ್ತಿತ್ತು.

“ಅಣ್ಣಾರ,” ಎಂದೆ ಕೊಟ್ರೇಶಪ್ಪನವರಿಗೆ, “ಹಂಪಮ್ಮಾರು ಆಡಿದ ದಿನ ಬೆಳಿಗ್ಗೆ ಪೆಟ್ಟಿಗೆ ಏನು ತೋರಸ್ತಿತ್ತು? ನಿಮ್ಮ ಅಂಕಿ ಇತ್ತೋ, ಸೊನ್ನೆ ಇತ್ತೋ?”

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿದ ಮೇಜನ್ನೇ ಮತ್ತೆ ಒರೆಸಿದರು.

“ನಿಮ್ಮನ್ನೇ ಕೇಳಾಕತ್ತಾರ, ಹೇಳ್ರಿ” ಎಂದರು ಹಂಪಮ್ಮ.

“ಅಕ್ಕಾರು ತಮ್ಮ ತಪ್ಪು ತಾವ ಹೇಳಿದ್ರು. ಇನ್ನ ನಾ ಏನ್ ಮುಚ್ಚಿಡ್ಲಿ?” ಎಂದು ಕೊಟ್ರೇಶಪ್ಪ ಟವೆಲ್ಲು ಕೆಳಗಿಟ್ಟರು. “ದಿನಾ ಬೆಳಿಗ್ಗೆ ಗಾಜು ಒರಸಾಂವ ನಾನ. ಅವತ್ತು ಹನ್ನೆರಡು ಸಾವಿರದ ಮುನ್ನೂರಾ ನಲವತ್ತು ಇತ್ತು. ನಂದೇ ಅಂಕಿ. ಮತ್ತ… ಮಧ್ಯಾಹ್ನ ಟಕ್ ಅಂತ ಬಡದದ್ದೂ ಕೇಳಿಸಿತ್ತು.”

ದಾಖಲೆ ಮುರಿದಾಗ ಈ ಯಂತ್ರ ಒಳಗಿನಿಂದ ಹಲಗೆಗೆ ಟಕ್ ಎಂದು ಜೋರಾಗಿ ಬಡಿಯುತ್ತದೆ. ಅದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

“ಕೇಳಿಸಿತ್ತಾ?” ಹಂಪಮ್ಮ ಸೊಂಟದ ಮೇಲೆ ಕೈಯಿಟ್ಟರು. “ಕೇಳಿಸಿತ್ತಾ ನಿಮಗ? ನಾ ಎಬ್ಬಿಸಿದಾಗ ಗೊರಕಿ ಹೊಡದ್ರಿ!”

“ಗೊರಕಿ ಸುಳ್ಳು” ಎಂದರು ಕೊಟ್ರೇಶಪ್ಪ ತಲೆ ತಗ್ಗಿಸಿ. “ನಿನ್ನ ಕೈಯಾಗ ಸೋತ್ನಿ ಅಂತ ಊರಿಗೆಲ್ಲ ಹೇಳಬೇಕಾಗ್ತಿತ್ತಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ವರ್ಷ ಆತು.”

ಒಂದು ಕ್ಷಣ ಆ ಹೋಟೆಲಿನಲ್ಲಿ ಏನಾಗುತ್ತದೋ ಎಂದು ನಾನು ಚಹಾದ ಲೋಟ ಗಟ್ಟಿಯಾಗಿ ಹಿಡಿದುಕೊಂಡೆ. ಹಂಪಮ್ಮನವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು, ಬೆಂಚು ಹಿಡಿದುಕೊಂಡು ನಕ್ಕರು. “ಗೊರಕಿ ಸುಳ್ಳಂತ ಅಕ್ಕಾ! ಇಪ್ಪತ್ತು ಎಣಸೂತನಕ ಹೊಡದಾನ!”

ಕೊಟ್ರೇಶಪ್ಪ ತಾವೇ ಹೋಗಿ ಕರಿಹಲಗೆಯ ತುದಿಯ 612340 ಅನ್ನು ಒದ್ದೆ ಟವೆಲ್ಲಿನಿಂದ ಅಳಿಸಿದರು. ಸೀಮೆಸುಣ್ಣವನ್ನು ಹೆಂಡತಿಯ ಕೈಗೆ ಕೊಟ್ಟರು. ಹಂಪಮ್ಮ ದೊಡ್ಡದಾಗಿ 43210 ಎಂದು ಬರೆದು, ಅದರ ಎಡಕ್ಕೆ ಕೈ ತಂದು ನಿಂತರು. ನನ್ನ ಕಡೆ ತಿರುಗಿದರು.

“ಮೊದಲನೇದು ಏನಿತ್ತಕ್ಕಾ?”

“ಆರು, ಏಳು, ಎಂಟು, ಒಂಬತ್ತು, ಇದರಾಗ ಒಂದು. ಯಾವುದು ಅಂತ ಇನ್ನ ಯಾರಿಗೂ ಗೊತ್ತಾಗಂಗಿಲ್ಲ.”

“ಒಂಬತ್ತಂತ ಬರದುಬಿಡು, ಯಾರು ಕೇಳ್ತಾರ?” ಎಂದರು ಕೊಟ್ರೇಶಪ್ಪ, ಸೋತವರ ಉದಾರತೆಯಿಂದ.

“ನನಗ ಗೊತ್ತಿಲ್ಲದ್ದು ನಾ ಬರಿಯಂಗಿಲ್ಲ” ಎಂದ ಹಂಪಮ್ಮ ಅಲ್ಲಿ ಒಂದು ಖಾಲಿ ಚೌಕ ಬರೆದು, ಸೀಮೆಸುಣ್ಣ ಕೆಳಗಿಟ್ಟರು.

ಆಮೇಲೆ ನಮ್ಮಿಬ್ಬರ ಆಟ ನಡೆಯಿತು. ನನ್ನ ಗುಂಡು ಮೂರು ಸಲವೂ ನೇರ ಕೆಳಗೆ ಜಾರಿ ಒಂಬತ್ತು ಸಾವಿರಕ್ಕೆ ಮುಗಿಯಿತು. ಹಂಪಮ್ಮ ಎರಡು ಲಕ್ಷ ದಾಟಿದಾಗ ಹೊಸದಾಗಿ ಹೊತ್ತಿದ ಮೊದಲ ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಅಷ್ಟರಲ್ಲಿ ಗುಂಡು ಹೋಯಿತು. ಮಿರ್ಚಿಯ ಪೊಟ್ಟಣ ಕಟ್ಟಿಸಿಕೊಂಡು ನಾನು ಸಂಜೆಯ ಬಸ್ಸು ಹತ್ತಿದೆ.

ಐಟಿಐಯಲ್ಲಿ ಪ್ರಶ್ನೆ ಕೇಳಿದ ಹುಡುಗಿಯೇ, ನಿನಗೆ ನನ್ನ ಉತ್ತರ ಇಷ್ಟು. ಯಾವ ಪೆಟ್ಟಿಗೆಯನ್ನೇ ಆಗಲಿ ಬಿಚ್ಚುವ ಮೊದಲು, ಏನು ಕೆಟ್ಟಿದೆ ಎಂದು ಕೇಳಿದರೆ ಸಾಲದು. ಇದರಲ್ಲಿ ಉಳಿಯಬೇಕಾದದ್ದು ಏನಿದೆ ಎಂದೂ ಕೇಳು. ಅಡುಗೆಮನೆಯೊಳಗೆ ಇರುವವರನ್ನೂ ಹೊರಗೆ ಕರೆದು ಕೇಳು. ನಾನು ಹಂಪಮ್ಮನವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳದೆ ಕೆಡಿಸಿದರೆ, ಕೆಡಿಸಿದೆ ಎಂದು ಹೇಳು. ನಾನು ಕಂಡಂತೆ ಅದರಿಂದ ಹೋಗುವ ಹೆಸರು ಸ್ವಲ್ಪ. ಎದುರಿನವರ ಬಾಯಿಂದಲೂ ಕೆಲವು ಸಲ ನಿಜ ಹೊರಬರುತ್ತದೆ.

ಆಮೇಲೆ ಒಂದು ಮದುವೆಗೆಂದು ಕೂಡ್ಲಿಗಿಗೆ ಹೋದವಳು ಬರುವಾಗ ಕೊಟ್ಟೂರಿನಲ್ಲಿ ಇಳಿದೆ. ಹೋಟೆಲು ತುಂಬಿತ್ತು. ಮೂಲೆಯ ಬೆಂಚಿನಲ್ಲಿ ಜಾಗ ಸಿಕ್ಕಿತು. ಕರಿಹಲಗೆಯ ಮೇಲೆ ಖಾಲಿ ಚೌಕ, ಅದರ ಮುಂದೆ 43210 ಹಾಗೇ ಇತ್ತು. ನನ್ನ ಪಕ್ಕ ಕುಳಿತಿದ್ದ ಬಸ್ ಕಂಡಕ್ಟರ್ ಒಬ್ಬರು ಅದನ್ನು ನೋಡಿ, “ಅಮ್ಮಾರ, ಆ ಚೌಕದಾಗ ಏನೂ ಬರದಿಲ್ಲಲ್ರಿ? ಅಲ್ಲಿದ್ದ ಅಂಕಿ ಏನಾತು?” ಎಂದು ಕೇಳಿದರು.

ಹಂಪಮ್ಮ ಬಾಣಲೆಯಿಂದ ಮಿರ್ಚಿ ಎತ್ತುತ್ತ ತಿರುಗಿಯೂ ನೋಡದೆ ಹೇಳಿದರು: “ಅದನ್ನ ಹರಪನಹಳ್ಳಿ ಟೀವಿ ಅಕ್ಕ ತಿಂದಾಳ. ನಿನ್ನ ಬಾಜೂಕೇ ಕುಂತಾಳ ನೋಡು, ಈಗ ಮಿರ್ಚಿ ತಿನ್ನಾಕ ಬಂದಾಳ.”